ಅನಾಥ ಮಕ್ಕಳ ಮನೆ: ಕಟ್ಟುವ ಪುಣ್ಯ, ಕಾಯುವ ಹೊಣೆ

ಚಾಮುಂಡಿ ಬೆಟ್ಟದ ಮೆಟ್ಟಿಲುಗಳನ್ನೇರುವ ಯಾತ್ರಿಕರಲ್ಲಿ ಅನೇಕರು ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತ ಮೇಲೆ ಸಾಗುವುದುಂಟು. ಸುಮಾರು ಒಂದು ಸಾವಿರ ಮೆಟ್ಟಿಲುಗಳ ಈ ಸೋಪಾನವೂ ನಡುದಾರಿಯಲ್ಲಿ ಕುಳಿತಿರುವ ಏಕಶಿಲೆಯ ನಂದಿಯೂ 17ನೆಯ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರ ಆಳ್ವಿಕೆಯಲ್ಲಿ ಆದವು. ಅರಸರು ಕಟ್ಟಿಸಿ ಮೂರೂವರೆ ಶತಮಾನಗಳೇ ಕಳೆದಿವೆ. ಆದರೂ ಅವು ಇಂದಿಗೂ ಉಪಯೋಗದಲ್ಲಿರುವುದಕ್ಕೆ ಕಟ್ಟಿಸಿದವರ ಔದಾರ್ಯವೊಂದೇ ಕಾರಣವಲ್ಲ. ತಲೆತಲಾಂತರದಿಂದ ಗುಡಿಸಿದವರು, ಸಡಿಲಗೊಂಡ ಕಲ್ಲನ್ನು ಮತ್ತೆ ಕೂರಿಸಿದವರು, ಬೆಳೆದ ಮುಳ್ಳುಗಿಡಗಳನ್ನು ಸವರಿದವರು ಅದಕ್ಕೆ ಕಾರಣರು. ಇದೇ ಬೆಟ್ಟದಲ್ಲಿ ನಂದಿಯ ಕಡೆಗೆ ಹೋಗುವ ರಸ್ತೆ 2021ರ ಅಕ್ಟೋಬರ್ ತಿಂಗಳ ಮಳೆಗೆ ಕುಸಿದುಬಿದ್ದಿತು. ಕಟ್ಟಿದ್ದು ನಿಲ್ಲಬೇಕಾದರೆ ಕಾಯುವವರು ಬೇಕು ಎಂಬ ಮಾತಿಗೆ ಬೇರೆ ನಿದರ್ಶನ ಬೇಕಿಲ್ಲ.

ಈ ಮಾತು ಇಂದಿನ ಒಂದು ಹೊಸ ರೂಢಿಯ ವಿಷಯದಲ್ಲಿ ವಿಶೇಷವಾಗಿ ವಿಚಾರಯೋಗ್ಯವಾಗಿದೆ. ಕಳೆದ ಕೆಲವು ದಶಕಗಳಿಂದ ಸಂಪನ್ನ ದೇಶಗಳ ಎಂಜಿನಿಯರಿಂಗ್ ವಿದ್ಯಾರ್ಥಿಗಳು ರಜೆಯ ದಿನಗಳಲ್ಲಿ ಬಡ ದೇಶಗಳಿಗೆ ತೆರಳಿ ಅಲ್ಲಿನ ಅನಾಥ ಮಕ್ಕಳಿಗಾಗಿ ವಸತಿಗೃಹಗಳನ್ನು ಕಟ್ಟಿಕೊಡುವ ಪರಿಪಾಠ ಬೆಳೆದಿದೆ. ಬೆಟ್ಟದ ಕೆಳಗಿನ ಮೈಸೂರು ನಗರವೂ ಎಂಜಿನಿಯರಿಂಗ್ ವಿದ್ಯೆಯ ಹಳೆಯ ನೆಲೆ. 1946ರಲ್ಲಿ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಎಂಜಿನಿಯರಿಂಗ್, 1963ರಲ್ಲಿ ಶ್ರೀ ಜಯಚಾಮರಾಜೇಂದ್ರ ಎಂಜಿನಿಯರಿಂಗ್ ಕಾಲೇಜು ಇಲ್ಲಿ ಪ್ರಾರಂಭವಾದವು. ಜೈನ ಮನೆತನಗಳ ಮಕ್ಕಳೂ ಇಂಥ ವಿದ್ಯಾಲಯಗಳಲ್ಲಿ ಓದಿ ದೇಶ ವಿದೇಶಗಳಿಗೆ ಹೋಗುತ್ತಿದ್ದಾರೆ. ಇಂಥ ಕಾರ್ಯಗಳಿಗೆ ನೆರವು ಕೋರಿ ಬರುವ ಪತ್ರಗಳನ್ನು ಧರ್ಮಸಂಸ್ಥೆಗಳು ಇತ್ಯರ್ಥ ಮಾಡಬೇಕಾಗುತ್ತದೆ. ಆಗ ಕೊಡುವುದೋ ಬಿಡುವುದೋ ಎಂಬ ಪ್ರಶ್ನೆಗಿಂತ ಮೊದಲು, ಅನಾಥ ಮಕ್ಕಳಿಗೆ ವಸತಿ ಕಲ್ಪಿಸಿದ ಹಿಂದಿನ ಪ್ರಯತ್ನಗಳಲ್ಲಿ ಯಾವುದು ನಿಂತಿತು, ಏಕೆ ನಿಂತಿತು ಎಂಬುದನ್ನು ತಿಳಿಯುವುದು ಲೇಸು. ಆ ಚರಿತ್ರೆಯ ಒಂದು ಮುಖ್ಯ ಅಧ್ಯಾಯ ಮೈಸೂರು ಜಿಲ್ಲೆಯಲ್ಲಿಯೇ ನಡೆದಿದೆ.

ವಸತಿ ಎಂಬ ಶಬ್ದ

ಕನ್ನಡದ ‘ಬಸದಿ’ ಎಂಬ ಮಾತು ಸಂಸ್ಕೃತದ ‘ವಸತಿ’ಯಿಂದ ಬಂದುದು. ವಸತಿಯೆಂದರೆ ವಾಸಸ್ಥಾನ. ಜಿನಾಲಯಕ್ಕೆ ನಮ್ಮ ಪೂರ್ವಿಕರು ಕೊಟ್ಟ ಹೆಸರು ‘ಮನೆ’ ಎಂಬ ಅರ್ಥದ್ದೇ ಎಂಬುದು ಗಮನಾರ್ಹ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳು ಎಲ್ಲರಿಗೂ ಪರಿಚಿತ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ನಾಲ್ಕನ್ನು ಎಣಿಸುವಾಗ ಆಹಾರ, ಔಷಧ, ಉಪಕರಣಗಳೊಡನೆ ಆವಾಸವನ್ನೂ ಹೇಳಿದ್ದಾರೆ. ಅಲ್ಲಿ ಹೇಳಿರುವುದು ಸಂಯಮಿಗಳ ವೈಯಾವೃತ್ಯದ ಪ್ರಸಂಗದಲ್ಲಿ, ಅಂದರೆ ಪಾತ್ರದಾನದ ವಿಷಯದಲ್ಲಿ, ಎಂಬುದು ನಿಜ. ದುಃಖಿತರಿಗೆ ಕೊಡುವ ಕರುಣಾದಾನ ಅದರಿಂದ ಬೇರೆಯಾದ ಕಕ್ಷೆ. ಆದರೆ ತಲೆಯ ಮೇಲೊಂದು ಮಾಡನ್ನು ಒದಗಿಸುವುದು ಅನ್ನ, ಔಷಧಗಳಿಗೆ ಸಮನಾದ ದಾನ ಎಂಬ ಮೌಲ್ಯನಿರ್ಣಯ ಮಾತ್ರ ಎರಡೂ ಕಡೆ ಸಲ್ಲುವಂಥದು. ಮನೆಯಿಲ್ಲದ ಮಗುವಿನ ಪಾಲಿಗಂತೂ ಆವಾಸದಾನವೇ ಅಭಯದಾನ.

ಇನ್ನೊಂದು ಸಂಗತಿಯನ್ನು ಕರ್ನಾಟಕದ ಶಾಸನಗಳು ತಿಳಿಸುತ್ತವೆ. ಬಸದಿಯನ್ನು ಕಟ್ಟಿಸಿದ ದಾನಿಗಳು ಕಟ್ಟಿಸಿ ಕೈತೊಳೆದುಕೊಳ್ಳಲಿಲ್ಲ. ‘ಖಂಡಸ್ಫುಟಿತ ಜೀರ್ಣೋದ್ಧಾರ’ಕ್ಕೆ, ಎಂದರೆ ಒಡೆದದ್ದು ಬಿರಿದದ್ದನ್ನು ಸರಿಪಡಿಸುವುದಕ್ಕೆ, ಮತ್ತು ಅಲ್ಲಿ ನೆಲೆಸುವವರ ಆಹಾರದಾನಕ್ಕೆ ಎಂದು ಭೂಮಿಯನ್ನೋ ಗ್ರಾಮವನ್ನೋ ಸುಂಕದ ಒಂದು ಭಾಗವನ್ನೋ ಬಿಟ್ಟುಕೊಟ್ಟರು. ಹೊಯ್ಸಳ ನರಸಿಂಹನ ಭಂಡಾರಿಯಾಗಿದ್ದ ಹುಳ್ಳ ಶ್ರವಣಬೆಳಗೊಳದಲ್ಲಿ 1159ರಲ್ಲಿ ಚತುರ್ವಿಂಶತಿ ತೀರ್ಥಂಕರರ ಬಸದಿಯನ್ನು ಕಟ್ಟಿಸಿದನು. ಅದೇ ಭಂಡಾರಿ ಬಸದಿ. ಅರಸನು ಅದಕ್ಕೆ ಸವಣೇರು ಗ್ರಾಮವನ್ನು ದತ್ತಿಯಾಗಿ ಬಿಟ್ಟನು. ರಾಜ್ಯದ ಆಯವ್ಯಯವನ್ನು ನೋಡಿಕೊಳ್ಳುತ್ತಿದ್ದ ಹುಳ್ಳನಿಗೆ, ಕಟ್ಟಡವೆಂಬುದು ಒಮ್ಮೆ ಆಗಿಹೋಗುವ ಖರ್ಚು, ಪಾಲನೆ ಎಂಬುದು ಪ್ರತಿವರ್ಷದ ಖರ್ಚು, ಎರಡನೆಯದಕ್ಕೆ ಆದಾಯದ ಮೂಲವಿಲ್ಲದಿದ್ದರೆ ಮೊದಲನೆಯದು ವ್ಯರ್ಥ ಎಂಬುದು ತಿಳಿಯದ ವಿಷಯವಾಗಿರಲಾರದು. ಎಂಟೂವರೆ ಶತಮಾನಗಳ ಹಿಂದಿನ ಈ ವಿವೇಕವನ್ನು ಅಳತೆಗೋಲಾಗಿ ಹಿಡಿದು ಮುಂದಿನ ಸಂಗತಿಗಳನ್ನು ನೋಡಬಹುದು.

ಬೆಟ್ಟದ ಕೆಳಗಿನ ನಗರ

ಮೈಸೂರಿನಲ್ಲಿ ಅನಾಥ ಮಕ್ಕಳ ಪಾಲನೆಯನ್ನು ಸಾರ್ವಜನಿಕ ಕರ್ತವ್ಯವನ್ನಾಗಿ ಮಾಡಿದವರಲ್ಲಿ ಅಗ್ರಗಣ್ಯರು ‘ತಾತಯ್ಯ’ ಎಂದೇ ಜನ ಕರೆದ ಎಂ. ವೆಂಕಟಕೃಷ್ಣಯ್ಯನವರು (1844–1933). ಮರಿಮಲ್ಲಪ್ಪ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರೂ ಪತ್ರಿಕಾಸಂಪಾದಕರೂ ಆಗಿದ್ದ ಅವರು ಮೈಸೂರಿನ ಅನಾಥಾಲಯವನ್ನು ಸ್ಥಾಪಿಸಿದರು. ಅವರು ಪಾಠ ಹೇಳಿದ ಶಾಲೆಯೂ ಒಬ್ಬ ಗೃಹಸ್ಥನ ದತ್ತಿಯಿಂದ ಹುಟ್ಟಿದ್ದು. ಗುರಿಕಾರ ಮರಿಮಲ್ಲಪ್ಪನವರು ಬಿಟ್ಟುಹೋದ ಹಣ ಆ ವಿದ್ಯಾಸಂಸ್ಥೆಗೆ ಆಧಾರವಾಯಿತು.

ಇದೇ ನಗರದಲ್ಲಿ ಸುತ್ತೂರು ಮಠದ ಶ್ರೀ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು (1916–1986) 1940ರ ದಶಕದಲ್ಲಿ ಹಳ್ಳಿಯ ಬಡ ವಿದ್ಯಾರ್ಥಿಗಳಿಗಾಗಿ ಉಚಿತ ಪ್ರಸಾದನಿಲಯವನ್ನು ನಡೆಸಿದರು. ಆ ಮಠದ ಮೈಸೂರಿನ ನೆಲೆ ಚಾಮುಂಡಿ ಬೆಟ್ಟದ ಪಾದದಲ್ಲಿದೆ. 1954ರಲ್ಲಿ ಸ್ಥಾಪಿತವಾದ ಜೆಎಸ್‌ಎಸ್ ಮಹಾವಿದ್ಯಾಪೀಠದ ಚರಿತ್ರೆಯಲ್ಲಿ ಊಟ ವಸತಿಗಳು ಮೊದಲು ಬಂದವು, ಕಾಲೇಜುಗಳು ಅನಂತರ ಬಂದವು. ಮೇಲೆ ಹೇಳಿದ ಜಯಚಾಮರಾಜೇಂದ್ರ ಎಂಜಿನಿಯರಿಂಗ್ ಕಾಲೇಜು ಕೂಡ ಆ ಸಂಸ್ಥೆಯದೇ. ಮೈಸೂರಿನಲ್ಲಿ ಎಂಜಿನಿಯರಿಂಗ್ ವಿದ್ಯೆಯ ಒಂದು ಕವಲು ಹೀಗೆ ಬಡ ಹುಡುಗರ ಅನ್ನದ ತಟ್ಟೆಯಿಂದಲೇ ಹೊರಟಿತು. ಎರಡು ಕಡೆಯೂ ಕಾಣುವ ಸಾಮಾನ್ಯ ಅಂಶವೆಂದರೆ, ಹೊಣೆ ಹೊತ್ತವರು ಅದೇ ಊರಿನಲ್ಲಿ ಇದ್ದರು. ಮಕ್ಕಳು ಬೆಳೆದು ದೊಡ್ಡವರಾಗುವವರೆಗೂ ಇದ್ದರು.

ಗುದ್ದಲಿ ಹಿಡಿದ ಎಂಜಿನಿಯರ್

ಪರದೇಶದವರ ಮನೆಯನ್ನು ತನ್ನ ಕೈಯಾರೆ ಕಟ್ಟಿಕೊಡುವ ಪದ್ಧತಿಗೆ ಆಧುನಿಕ ಕಾಲದಲ್ಲಿ ನಾಂದಿ ಹಾಡಿದವನು ಒಬ್ಬ ಎಂಜಿನಿಯರ್. ಸ್ವಿಟ್ಜರ್ಲೆಂಡಿನ ಪಿಯೆರ್ ಸೆರೆಸೋಲ್ (1879–1945) ಜ್ಯೂರಿಕ್‌ನಲ್ಲಿ ಎಂಜಿನಿಯರಿಂಗ್ ಕಲಿತವನು. ಆ ದೇಶದ ಅಧ್ಯಕ್ಷನಾಗಿದ್ದವನ ಮಗ. ತಾನು ದುಡಿಯದ ಸಂಪತ್ತು ತನಗೆ ಸಲ್ಲದೆಂದು ಪಿತ್ರಾರ್ಜಿತವನ್ನು ಸರ್ಕಾರಕ್ಕೆ ಒಪ್ಪಿಸಿದನು. ಸೈನ್ಯದ ತೆರಿಗೆಯನ್ನು ಕೊಡಲೊಪ್ಪದೆ ಸೆರೆಮನೆ ಕಂಡನು. ಅಹಿಂಸೆ, ಅಪರಿಗ್ರಹಗಳ ಹೆಸರು ಕೇಳದಿದ್ದರೂ ಅವುಗಳ ದಾರಿಯಲ್ಲಿ ನಡೆದವರು ಬೇರೆ ದೇಶಗಳಲ್ಲಿಯೂ ಇದ್ದರೆಂಬುದಕ್ಕೆ ಅವನ ಜೀವನ ಸಾಕ್ಷಿ. ಮೊದಲ ಮಹಾಯುದ್ಧ ಮುಗಿದ ಮೇಲೆ, 1920ರಲ್ಲಿ, ಅವನು ಕೆಲವು ಸಂಗಡಿಗರೊಡನೆ ಫ್ರಾನ್ಸಿನ ವೆರ್ಡನ್ ಸಮೀಪದ ಧ್ವಂಸವಾದ ಹಳ್ಳಿಯೊಂದಕ್ಕೆ ಹೋಗಿ ಮನೆಗಳನ್ನು ಕಟ್ಟತೊಡಗಿದನು. ಆ ತಂಡದಲ್ಲಿ ಜರ್ಮನರೂ ಇದ್ದರು. ನಿನ್ನೆಯವರೆಗೆ ಶತ್ರುಗಳಾಗಿದ್ದವರ ಕೈಯಿಂದ ಮನೆ ಪಡೆಯಲು ಹಳ್ಳಿಯ ಮನಸ್ಸು ಸಿದ್ಧವಿರಲಿಲ್ಲ. ಕೆಲವೇ ತಿಂಗಳುಗಳಲ್ಲಿ ಕೆಲಸ ನಿಂತಿತು. ಸದುದ್ದೇಶವೊಂದೇ ಸಾಲದು, ಪಡೆಯುವವರ ಒಪ್ಪಿಗೆ ಇರಬೇಕು ಎಂಬ ಪಾಠವನ್ನು ಈ ಚಳವಳಿ ತನ್ನ ಮೊದಲ ಕೆಲಸದಲ್ಲಿಯೇ ಕಲಿಯಿತು.

1934ರ ಜನವರಿ 15ರಂದು ಬಿಹಾರದಲ್ಲಿ ಭೀಕರ ಭೂಕಂಪವಾದಾಗ ಸೆರೆಸೋಲ್ ಭಾರತಕ್ಕೆ ಬಂದನು. ಬಾಬು ರಾಜೇಂದ್ರಪ್ರಸಾದರು ಅಲ್ಲಿ ಪರಿಹಾರಕಾರ್ಯದ ಮುಂದಾಳಾಗಿದ್ದರು. ಸೆರೆಸೋಲ್ ಬಂದು ನೋಡಿ ಹೋಗಿಬಿಡಲಿಲ್ಲ. ಕೆಲವೇ ಕೆಲವು ಸ್ವಯಂಸೇವಕರೊಡನೆ ಮತ್ತೆ ಮತ್ತೆ ಬಂದು 1937ರವರೆಗೆ ಮುಜಫರಪುರದ ಸುತ್ತಮುತ್ತ ನೆರೆಗೆ ಸಿಕ್ಕುವ ಹಳ್ಳಿಗಳನ್ನು ಎತ್ತರದ ನೆಲದಲ್ಲಿ ಹೊಸದಾಗಿ ಕಟ್ಟುವ ಕೆಲಸದಲ್ಲಿ ಸ್ಥಳೀಯರ ಜೊತೆ ಮಣ್ಣು ಹೊತ್ತನು. ಬಂದ ವಿದೇಶೀಯರು ಬೆರಳೆಣಿಕೆಯವರು. ಕೆಲಸ ಮಾಡಿದವರಲ್ಲಿ ಬಹುಪಾಲು ಆ ಹಳ್ಳಿಗಳವರೇ. ವೆರ್ಡನ್‌ನಲ್ಲಿ ತಿಂಗಳುಗಳಲ್ಲಿ ಮುರಿದದ್ದು ಬಿಹಾರದಲ್ಲಿ ವರ್ಷಗಟ್ಟಲೆ ನಡೆದದ್ದಕ್ಕೆ ಈ ಕ್ರಮವೂ ಒಂದು ಕಾರಣ.

ಗಡಿಯಾಚೆಯ ವಳಿವಡೆ

ಎರಡನೆಯ ಮಹಾಯುದ್ಧದಲ್ಲಿ ಸೋವಿಯತ್ ದೇಶಕ್ಕೆ ಗಡೀಪಾರಾಗಿದ್ದ ಪೋಲೆಂಡಿನ ಸಹಸ್ರಾರು ಕುಟುಂಬಗಳು ಇರಾನಿನ ಮಾರ್ಗವಾಗಿ ಹೊರಬಂದವು. ದಾರಿಯಲ್ಲಿ ತಂದೆತಾಯಿಗಳನ್ನು ಕಳೆದುಕೊಂಡ ಮಕ್ಕಳಿಗೆ 1942ರಲ್ಲಿ ಆಶ್ರಯ ಕೊಟ್ಟವರು ನವಾನಗರದ ಜಾಮ್ ಸಾಹೇಬ್ ದಿಗ್ವಿಜಯಸಿಂಹಜಿಯವರು. ಜಾಮ್‌ನಗರದ ಸಮೀಪದ ಬಾಲಾಚಡಿಯಲ್ಲಿ ಮಕ್ಕಳಿಗಾಗಿ ಶಿಬಿರ ಎದ್ದಿತು. ಮರುವರ್ಷ, 1943ರಲ್ಲಿ, ಬೆಳಗಾವಿ ಜಿಲ್ಲೆಗೆ ಹೊಂದಿಕೊಂಡಿರುವ ಕೊಲ್ಲಾಪುರ ಸಂಸ್ಥಾನದ ವಳಿವಡೆಯಲ್ಲಿ ಇನ್ನೂ ದೊಡ್ಡ ವಸಾಹತು ನಿರ್ಮಾಣವಾಯಿತು. ಸುಮಾರು 5,000 ಪೋಲಿಷ್ ಜನ, ಅವರಲ್ಲಿ ಬಹುಸಂಖ್ಯೆಯ ಹೆಂಗಸರು ಮಕ್ಕಳು, ಅಲ್ಲಿ 1948ರವರೆಗೆ ಇದ್ದರು. ಬಾಲಾಚಡಿಯ ಶಿಬಿರ ಮುಗಿದಾಗ ಅಲ್ಲಿನ ಮಕ್ಕಳಲ್ಲಿ ಅನೇಕರು ಬಂದು ಸೇರಿದ್ದೂ ವಳಿವಡೆಯನ್ನೇ. ಜೈನ ಒಕ್ಕಲು ಮನೆತನಗಳು ದಟ್ಟವಾಗಿರುವ ಪ್ರದೇಶವದು.

ಆ ಶಿಬಿರದ ಮುಂದಿನ ಕಥೆ ವ್ಯಾಪಾರಸ್ಥರಿಗೆ ಕುತೂಹಲಕರವಾದುದು. ಪೋಲಿಷ್ ಜನ ಹೊರಟುಹೋದ ಮೇಲೆ, ದೇಶವಿಭಜನೆಯಿಂದ ನೆಲೆ ತಪ್ಪಿದ ಸಿಂಧಿ ಕುಟುಂಬಗಳಿಗೆ ಅದೇ ಜಾಗದಲ್ಲಿ ಆಶ್ರಯ ದೊರೆಯಿತು. ಇಂದು ಬಟ್ಟೆಯ ಸಗಟು ಪೇಟೆಯೆಂದು ಹೆಸರಾದ ಕೊಲ್ಲಾಪುರದ ಗಾಂಧಿನಗರ ಹೀಗೆ ಬೆಳೆದದ್ದು. ಒಬ್ಬರ ಕಷ್ಟಕಾಲಕ್ಕೆಂದು ಎದ್ದ ಸೂರು ಇನ್ನೊಬ್ಬರ ಕಷ್ಟಕಾಲಕ್ಕೂ ಒದಗಿತು. ದಾನದ ಕಟ್ಟಡಕ್ಕೆ ದಾನಿಯ ಹೆಸರಿನ ಕಲ್ಲಿಗಿಂತ ಇಂಥ ಉಪಯೋಗವೇ ದೊಡ್ಡ ಶಾಸನ.

ಬೈಲುಕುಪ್ಪೆ

ಮೈಸೂರಿನಿಂದ ಪಶ್ಚಿಮಕ್ಕೆ ಸುಮಾರು 80 ಕಿಲೋಮೀಟರು ದೂರದಲ್ಲಿ, ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯಿದೆ. 1959ರಲ್ಲಿ ದಲೈ ಲಾಮಾ ಅವರೂ ಅವರ ಹಿಂದೆ ಸಹಸ್ರಾರು ಟಿಬೆಟಿಯನ್ನರೂ ಭಾರತಕ್ಕೆ ಬಂದರು. ಬಂದವರಲ್ಲಿ ಅನೇಕರು ಹಿಮಾಲಯದ ರಸ್ತೆ ಕಾಮಗಾರಿಗಳಲ್ಲಿ ಕೂಲಿಯಾದರು. ಭೂಕುಸಿತ, ಕಾಯಿಲೆ, ಅಪಘಾತಗಳಿಗೆ ತಂದೆತಾಯಿಗಳು ಬಲಿಯಾಗಿ ಮಕ್ಕಳು ಅನಾಥರಾದರು. 1960ರ ಮೇ ತಿಂಗಳಲ್ಲಿ ಜಮ್ಮುವಿನ ರಸ್ತೆ ಶಿಬಿರಗಳಿಂದ 51 ಮಕ್ಕಳು ಧರ್ಮಶಾಲೆಗೆ ಬಂದರು. ಅವರನ್ನು ನೋಡಿಕೊಂಡವರು ದಲೈ ಲಾಮಾ ಅವರ ಅಕ್ಕ ಸೆರಿಂಗ್ ಡೋಲ್ಮಾ; 1964ರಲ್ಲಿ ಅವರು ತೀರಿಕೊಂಡ ಮೇಲೆ ಹೊಣೆ ಹೊತ್ತವರು ತಂಗಿ ಜೆಟ್ಸುನ್ ಪೆಮಾ. ಟಿಬೆಟಿಯನ್ ಮಕ್ಕಳ ಗ್ರಾಮವೆಂಬ ಸಂಸ್ಥೆ ಅಲ್ಲಿಂದ ಬೆಳೆಯಿತು.

ಅದೇ 1960ರಲ್ಲಿ ಮೈಸೂರು ರಾಜ್ಯ ಸರ್ಕಾರ ಬೈಲುಕುಪ್ಪೆಯಲ್ಲಿ ಸುಮಾರು 3,000 ಎಕರೆ ಭೂಮಿಯನ್ನು ಈ ನಿರಾಶ್ರಿತರಿಗಾಗಿ ಒದಗಿಸಿತು. ದಕ್ಷಿಣ ಭಾರತದ ಮೊದಲ ಟಿಬೆಟಿಯನ್ ನೆಲೆ ಅದು. ಶೀತಪ್ರದೇಶದಿಂದ ಬಂದವರಿಗೆ ಇಲ್ಲಿನ ಬಿಸಿಲು ಹೊಸದು. ಕಾಡು ಕಡಿದು ಹೊಲ ಮಾಡಬೇಕು. ಆನೆಗಳ ಕಾಟ ಬೇರೆ. ಮೊದಲ ವರ್ಷಗಳಲ್ಲಿ ಡೇರೆಗಳೂ ಬಿದಿರಿನ ಗುಡಿಸಿಲುಗಳೂ ಇದ್ದವು. ಅನಂತರ ಇಟ್ಟಿಗೆಯ ಗೋಡೆ, ಹೆಂಚಿನ ಮಾಡು ಬಂದವು. 1966ರಲ್ಲಿ ಉತ್ತರ ಕನ್ನಡದ ಮುಂಡಗೋಡಿನಲ್ಲಿಯೂ, 1970ರ ದಶಕದಲ್ಲಿ ಹುಣಸೂರು ಮತ್ತು ಕೊಳ್ಳೇಗಾಲ ತಾಲ್ಲೂಕುಗಳಲ್ಲಿಯೂ ಇಂಥ ನೆಲೆಗಳು ಆದವು. ಈ ಉಪಕಾರದ ಸಂಬಂಧದಲ್ಲಿ ಎಸ್. ನಿಜಲಿಂಗಪ್ಪನವರ ಹೆಸರನ್ನು ಟಿಬೆಟಿಯನ್ನರು ಇಂದಿಗೂ ಕೃತಜ್ಞತೆಯಿಂದ ಸ್ಮರಿಸುತ್ತಾರೆ. 1968ರಲ್ಲಿ ಈ ಪುನರ್ವಸತಿಗೆ ನೆರವಾಗಲೆಂದೇ ‘ಮೈರಾಡ’ ಎಂಬ ಸಂಸ್ಥೆ ಹುಟ್ಟಿತು. ಮೈಸೂರು ಪುನರ್ವಸತಿ ಮತ್ತು ಅಭಿವೃದ್ಧಿ ಸಂಸ್ಥೆ ಎಂಬುದು ಅದರ ಇಂಗ್ಲಿಷ್ ಹೆಸರಿನ ಅರ್ಥ. ಟಿಬೆಟಿಯನ್ನರು ತಮ್ಮ ಕಾಲ ಮೇಲೆ ನಿಂತ ಬಳಿಕ ಅದು ಕರ್ನಾಟಕದ ಬಡ ಗ್ರಾಮಗಳ ಸೇವೆಗೆ ತಿರುಗಿತು. ಮುಂದೆ ಮಕ್ಕಳ ಗ್ರಾಮದ ಶಾಖೆಯೊಂದು ಬೈಲುಕುಪ್ಪೆಯಲ್ಲಿಯೂ ಸ್ಥಾಪಿತವಾಯಿತು.

ಇಲ್ಲಿ ಹೊರಗಿನವರ ಸಹಾಯ ಕಡಮೆಯಿರಲಿಲ್ಲ. ಯೂರೋಪಿನ ದೇಶಗಳಿಂದ ಹಣವೂ ತಾಂತ್ರಿಕ ಜ್ಞಾನವೂ ಬಂದವು. ಆದರೆ ನೆಲ ಮೊದಲು ಸಿಕ್ಕಿತು. ನೆಲದ ಮೇಲೆ ಬೇಸಾಯ ಬಂದಿತು. ಬೇಸಾಯ ಮಾಡುವ ನೆರೆಹೊರೆ ಬಂದಿತು. ತಮ್ಮ ಭಾಷೆಯಾಡುವ, ತಮ್ಮ ಧರ್ಮವನ್ನಾಚರಿಸುವ ಹಿರಿಯರ ನಡುವೆ ಅನಾಥ ಮಕ್ಕಳ ಮನೆ ಎದ್ದಿತು. ಸವಣೇರನ್ನು ಪಡೆದ ಭಂಡಾರಿ ಬಸದಿಯಂತೆ ಇಲ್ಲಿಯೂ ಮನೆಗೆ ಹೊಲದ ಆಸರೆಯಿತ್ತು. ಆರು ದಶಕಗಳು ಕಳೆದರೂ ಬೈಲುಕುಪ್ಪೆ ನಿಂತಿರುವುದರ ಗುಟ್ಟು ಇದು.

ವಿದ್ಯಾರ್ಥಿಗಳ ಕೈ

ವಿದ್ಯಾರ್ಥಿಗಳಿಂದ ಇಂಥ ಕಾರ್ಯ ಆಗಲಾರದೆಂದು ತಿಳಿಯುವುದು ಸರಿಯಲ್ಲ. ಆಸ್ಟ್ರಿಯಾ ದೇಶದ ಹರ್ಮನ್ ಗ್ಮೈನರ್ ಯುದ್ಧಾನಂತರ ಇನ್ಸ್‌ಬ್ರುಕ್‌ನಲ್ಲಿ ವೈದ್ಯಶಾಸ್ತ್ರ ಓದುತ್ತಿದ್ದ ವಿದ್ಯಾರ್ಥಿ. ಎಳವೆಯಲ್ಲಿಯೇ ತಾಯಿಯನ್ನು ಕಳೆದುಕೊಂಡು ಅಕ್ಕನ ಆರೈಕೆಯಲ್ಲಿ ಬೆಳೆದವನು. 1949ರಲ್ಲಿ ಕೈಯಲ್ಲಿದ್ದ 600 ಷಿಲ್ಲಿಂಗ್ ಹಣದಿಂದ ಅವನು ಆರಂಭಿಸಿದ ಕೆಲಸ ಇಮ್ಸ್ಟ್ ಎಂಬ ಊರಿನಲ್ಲಿ ಮೊದಲ ಎಸ್‌ಒಎಸ್ ಮಕ್ಕಳ ಗ್ರಾಮವಾಗಿ ಬೆಳೆಯಿತು. ನೂರಾರು ಮಕ್ಕಳನ್ನು ಒಂದೇ ಹಜಾರದಲ್ಲಿ ಮಲಗಿಸುವ ಪದ್ಧತಿಯನ್ನು ಅವನು ಬಿಟ್ಟನು. ಒಬ್ಬ ತಾಯಿ, ಒಡಹುಟ್ಟಿದವರಂತೆ ಬೆಳೆಯುವ ಕೆಲವು ಮಕ್ಕಳು, ಅವರದೇ ಒಂದು ಮನೆ, ಅಂಥ ಮನೆಗಳ ಒಂದು ಗ್ರಾಮ: ಈ ನಾಲ್ಕು ಅವನ ಯೋಜನೆಯ ಕಂಬಗಳು. ಟಿಬೆಟಿಯನ್ ಮಕ್ಕಳ ಗ್ರಾಮವೂ 1972ರಲ್ಲಿ ಈ ಸಂಸ್ಥೆಯ ಬಳಗವನ್ನು ಸೇರಿತು. ಆ ವಿದ್ಯಾರ್ಥಿ ತನ್ನ ಓದನ್ನು ಬಿಟ್ಟು ಇಡೀ ಆಯುಷ್ಯವನ್ನು ಇದಕ್ಕೆ ಕೊಟ್ಟನೆಂಬುದನ್ನು ಮರೆಯಬಾರದು. ರಜೆಯಲ್ಲಿ ಬಂದು ಹೋದವನಲ್ಲ.

ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪರದೇಶಸೇವೆಗೆ ಅಮೆರಿಕದಲ್ಲಿ ಸಂಘಟಿತ ರೂಪ ಬಂದದ್ದು ಈ ಶತಮಾನದ ಆರಂಭದಲ್ಲಿ. ಕೊಲರಾಡೋ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಬರ್ನಾರ್ಡ್ ಅಮಾಡೈ 2000ದಲ್ಲಿ ಮಧ್ಯ ಅಮೆರಿಕದ ಬೆಲೀಜ್ ದೇಶದ ಸಾನ್ ಪಾಬ್ಲೋ ಎಂಬ ಹಳ್ಳಿಗೆ ಹೋದಾಗ, ನೀರು ಹೊರುವ ಕೆಲಸದಿಂದಾಗಿ ಹುಡುಗಿಯರು ಶಾಲೆಗೆ ಹೋಗಲಾಗದಿರುವುದನ್ನು ಕಂಡರು. ಮರುವರ್ಷ ಎಂಟು ಮಂದಿ ವಿದ್ಯಾರ್ಥಿಗಳೊಡನೆ ಹೋಗಿ, ಹರಿಯುವ ನೀರಿನ ಬಲದಿಂದಲೇ ನಡೆಯುವ ಪಂಪನ್ನು ಕೂರಿಸಿದರು. 2002ರಲ್ಲಿ ‘ಎಂಜಿನಿಯರ್ಸ್ ವಿದೌಟ್ ಬಾರ್ಡರ್ಸ್’ ಸಂಸ್ಥೆಯ ಅಮೆರಿಕದ ಶಾಖೆ ಸ್ಥಾಪಿತವಾಯಿತು. ಒಂದು ಊರನ್ನು ಆರಿಸಿಕೊಂಡ ವಿದ್ಯಾರ್ಥಿ ತಂಡ ಐದು ವರ್ಷಗಳಾದರೂ ಆ ಊರಿನ ಸಂಬಂಧವನ್ನು ಉಳಿಸಿಕೊಳ್ಳಬೇಕೆಂಬುದು ಆ ಸಂಸ್ಥೆ ರೂಢಿಸಿಕೊಂಡ ಕಟ್ಟಳೆ. ಕಟ್ಟಿ ಬಿಟ್ಟುಬರುವುದರ ಅಪಾಯವನ್ನು ಅನುಭವವೇ ಅವರಿಗೆ ತಿಳಿಸಿತೆನ್ನಬಹುದು. ಭಾರತದಲ್ಲಿ ವಿದ್ಯಾರ್ಥಿಗಳ ಶ್ರಮದಾನಕ್ಕೆ ಇನ್ನೂ ಹಳೆಯ ವ್ಯವಸ್ಥೆಯಿದೆ. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾಲಯಗಳಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯೇ ಅದು.

ಜೈನ ಸಮಾಜವೂ ಈ ಕ್ಷೇತ್ರದಲ್ಲಿ ಹಿಂದೆ ಬಿದ್ದಿಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಬೀದರ್ ಜಿಲ್ಲೆಯ ನೆರೆಯ ಲಾತೂರ್ ಜಿಲ್ಲೆಯ ಕಿಲ್ಲಾರಿ ಸುತ್ತಮುತ್ತ ಭೂಕಂಪವಾಗಿ ಸುಮಾರು 10,000 ಜನ ಸತ್ತರು. ಶಾಂತಿಲಾಲ್ ಮುಥ್ಥಾ ಅವರು ಸ್ಥಾಪಿಸಿದ ಭಾರತೀಯ ಜೈನ ಸಂಘಟನೆ ಆ ಪ್ರದೇಶದ ಸುಮಾರು 1,200 ಮಕ್ಕಳನ್ನು ಪುಣೆಗೆ ಕರೆತಂದು ಅವರ ವಸತಿ ಮತ್ತು ವಿದ್ಯಾಭ್ಯಾಸದ ಭಾರವನ್ನು ಹೊತ್ತಿತು. ಅದಕ್ಕಾಗಿ ವಾಘೋಲಿಯಲ್ಲಿ ನೆಲೆಯಾದ ಕೇಂದ್ರ ಮುಂದೆ ಬೇರೆ ಬೇರೆ ಆಪತ್ತುಗಳಿಗೆ ಸಿಕ್ಕಿದ ಮಕ್ಕಳಿಗೂ ಆಶ್ರಯವಾಯಿತು. ಇಲ್ಲಿಯೂ ಕಟ್ಟಡಕ್ಕಿಂತ ಮುಖ್ಯವಾದುದು ವರ್ಷಾನುಗಟ್ಟಲೆ ನಡೆದ ಪಾಲನೆ.

ಅನಾಥ ಯಾರು?

ಈಗ ಒಂದು ಕಠಿಣ ಸತ್ಯವನ್ನು ಎದುರಿಸಬೇಕಾಗಿದೆ. ‘ಸೇವ್ ದಿ ಚಿಲ್ಡ್ರನ್’ ಸಂಸ್ಥೆ 2009ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಜಗತ್ತಿನ ಅನಾಥಾಲಯಗಳಲ್ಲಿರುವ ಮಕ್ಕಳಲ್ಲಿ ಐವರಿಗೆ ನಾಲ್ವರಂತೆ ತಂದೆ ಅಥವಾ ತಾಯಿ ಬದುಕಿದ್ದಾರೆ. ಮಗುವನ್ನು ಅಲ್ಲಿಗೆ ಕಳುಹಿಸಿದ್ದು ಮರಣವಲ್ಲ, ಬಡತನ. ಕಾಂಬೋಡಿಯಾ ದೇಶದಲ್ಲಿ 2005ರಿಂದ 2010ರವರೆಗಿನ ಐದು ವರ್ಷಗಳಲ್ಲಿ ಅನಾಥ ಮಕ್ಕಳ ಸಂಖ್ಯೆ ಇಳಿಯುತ್ತಿದ್ದರೂ ಅನಾಥಾಲಯಗಳ ಸಂಖ್ಯೆ ಶೇಕಡ 75ರಷ್ಟು ಏರಿತು. ವಿದೇಶೀಯರು ನೋಡಲು ಬರುತ್ತಾರೆ, ಕಟ್ಟಿಕೊಡುತ್ತಾರೆ, ಹಣ ಕೊಡುತ್ತಾರೆ ಎಂದಾದಾಗ ಹಾಸಿಗೆಗಳನ್ನು ತುಂಬಲು ಮಕ್ಕಳನ್ನು ಹುಡುಕಿ ತರುವವರೂ ಹುಟ್ಟಿಕೊಂಡರು. ವಿಶ್ವಸಂಸ್ಥೆ 2009ರಲ್ಲಿಯೇ ಮಾರ್ಗಸೂತ್ರಗಳನ್ನು ಅಂಗೀಕರಿಸಿ, ಮಗುವನ್ನು ಸಾಧ್ಯವಾದಷ್ಟೂ ಕುಟುಂಬದಲ್ಲಿಯೇ ಬೆಳೆಸಬೇಕು, ಸಂಸ್ಥೆ ಕೊನೆಯ ಉಪಾಯವಾಗಿರಬೇಕು, ಬಡತನವೊಂದೇ ಮಗುವನ್ನು ಅಗಲಿಸಲು ಕಾರಣವಾಗಬಾರದು ಎಂದು ಸಾರಿತು. ಭಾರತದ 2015ರ ಬಾಲನ್ಯಾಯ ಕಾಯಿದೆಯೂ ಇದೇ ನಿಲುವನ್ನು ತಳೆದು, ಮಕ್ಕಳ ಪಾಲನಾ ಸಂಸ್ಥೆಗಳೆಲ್ಲವೂ ನೋಂದಣಿಯಾಗಬೇಕೆಂದು ವಿಧಿಸಿದೆ.

ಅಹಿಂಸೆಯನ್ನು ಪರಮಧರ್ಮವೆಂದು ನಂಬಿದವರು ಇದನ್ನು ಹಗುರವಾಗಿ ಕಾಣುವಂತಿಲ್ಲ. ಒಳ್ಳೆಯ ಮನಸ್ಸಿನಿಂದ ಕೊಟ್ಟ ಹಣ ಒಂದು ಮಗುವನ್ನು ಅದರ ತಾಯಿಯಿಂದ ಅಗಲಿಸುವುದಕ್ಕೆ ನಿಮಿತ್ತವಾದರೆ ಆ ದಾನದಲ್ಲಿ ಹಿಂಸೆಯ ಅಂಶ ಸೇರಿಕೊಂಡಿತು. ದಾನಿಗೆ ತಿಳಿದಿರಲಿಲ್ಲ ಎಂಬುದು ಪೂರ್ಣ ಸಮಾಧಾನವಾಗದು. ವಿಚಾರಿಸಬಹುದಾಗಿದ್ದನ್ನು ವಿಚಾರಿಸದಿರುವುದೇ ಪ್ರಮಾದ. ಪ್ರಮಾದದಿಂದಾಗುವ ಪ್ರಾಣಪೀಡೆಯೇ ಹಿಂಸೆ ಎಂಬುದು ಶಾಸ್ತ್ರದ ಲಕ್ಷಣ.

ಲೆಕ್ಕದ ಪುಸ್ತಕ ಹೇಳುವುದೇನು

ವಾಣಿಜ್ಯದ ದೃಷ್ಟಿಯಿಂದಲೂ ಈ ವಿಷಯವನ್ನು ಪರಿಶೀಲಿಸಬಹುದು. ಹನ್ನೆರಡು ಮಂದಿ ವಿದ್ಯಾರ್ಥಿಗಳು ಪರದೇಶಕ್ಕೆ ಹೋಗಿ ಹನ್ನೆರಡು ಮಕ್ಕಳಿಗಾಗಿ ಒಂದು ಮನೆ ಕಟ್ಟುತ್ತಾರೆಂದು ಇಟ್ಟುಕೊಳ್ಳೋಣ. ಒಬ್ಬೊಬ್ಬರ ಪ್ರಯಾಣಕ್ಕೆ 60,000 ರೂಪಾಯಿ ಹಿಡಿದರೆ ಒಟ್ಟು 7,20,000 ರೂಪಾಯಿ. ಗಾರೆಯವನ ದಿನಗೂಲಿ 1,000 ರೂಪಾಯಿ ಎಂದು ಊಹಿಸಿದರೆ ಈ ಮೊತ್ತದಲ್ಲಿ ನಾಲ್ವರು ಕುಶಲ ಗಾರೆಯವರಿಗೆ ಆರು ತಿಂಗಳ ಕೆಲಸ ಸಿಗುತ್ತದೆ. ಎರಡು ವಾರ ಇಟ್ಟಿಗೆ ಹೊರುವ ವಿದ್ಯಾರ್ಥಿಗಳಿಗಿಂತ ಆ ನಾಲ್ವರ ಗೋಡೆ ನೆಟ್ಟಗಿರುತ್ತದೆ; ಅವರ ಮನೆಗಳಲ್ಲಿಯೂ ಒಲೆ ಉರಿಯುತ್ತದೆ; ಅವರ ಮಕ್ಕಳು ಅನಾಥಾಲಯದ ಬಾಗಿಲಿಗೆ ಹೋಗುವ ಸಂದರ್ಭವೇ ಬಾರದು.

ಮುಂದಿನ ಲೆಕ್ಕ ಇನ್ನೂ ಮುಖ್ಯ. ಕಟ್ಟಡಕ್ಕೆ 20 ಲಕ್ಷ ರೂಪಾಯಿ ಆಯಿತೆನ್ನೋಣ. ಒಂದು ಮಗುವಿನ ಊಟ, ಬಟ್ಟೆ, ಪುಸ್ತಕ, ಔಷಧಗಳಿಗೆ ತಿಂಗಳಿಗೆ 5,000 ರೂಪಾಯಿಯಂತೆ ಹನ್ನೆರಡು ಮಕ್ಕಳಿಗೆ ವರ್ಷಕ್ಕೆ 7,20,000 ರೂಪಾಯಿ. ವಿದ್ಯಾರ್ಥಿಗಳ ಪ್ರಯಾಣದ ಖರ್ಚು ಹನ್ನೆರಡು ಮಕ್ಕಳ ಒಂದು ವರ್ಷದ ಜೀವನಕ್ಕೆ ಸಮವಾಯಿತು! ಮೂರನೆಯ ವರ್ಷ ಮುಗಿಯುವುದರೊಳಗೆ ಪಾಲನೆಯ ವೆಚ್ಚ ಕಟ್ಟಡದ ವೆಚ್ಚವನ್ನು ಮೀರುತ್ತದೆ. ಸುಣ್ಣಬಣ್ಣ, ಸೋರುವ ಮಾಡು, ಕಟ್ಟಿಕೊಳ್ಳುವ ಕೊಳವೆ ಇವುಗಳ ಖರ್ಚು ಇದಕ್ಕೆ ಸೇರಿಲ್ಲ. ಮಗುವೊಂದು ಐದನೆಯ ವರ್ಷದಲ್ಲಿ ಬಂದು ಹದಿನೆಂಟರವರೆಗೆ ಇದ್ದರೆ ಹದಿಮೂರು ವರ್ಷಗಳು. ಕಟ್ಟಡವನ್ನು ಮಾತ್ರ ಕೊಟ್ಟವನು ಆ ಮಗುವಿನ ಖಾತೆಯಲ್ಲಿ ಅತ್ಯಲ್ಪ ಭಾಗವನ್ನು ಜಮಾ ಮಾಡಿದಂತಾಯಿತು.

ಹಾಗಾದರೆ ವಿದ್ಯಾರ್ಥಿಗಳು ಹೋಗಲೇಬಾರದೇ ಎಂದು ಕೇಳಬಹುದು. ಅದಕ್ಕೆ ಹಾಗೆ ಉತ್ತರಿಸಿದರೆ ಅನ್ಯಾಯವಾದೀತು. ಇಪ್ಪತ್ತರ ವಯಸ್ಸಿನಲ್ಲಿ ಪರರ ದುಃಖವನ್ನು ಕಣ್ಣಾರೆ ಕಂಡವನ ಮನಸ್ಸು ತಿರುಗುವ ದಿಕ್ಕೇ ಬೇರೆ. ಸೆರೆಸೋಲ್‌ನೂ ಗ್ಮೈನರನೂ ಹಾಗೆ ಕಂಡೇ ಬದಲಾದವರು. ಎಂಜಿನಿಯರಿಂಗ್ ವಿದ್ಯಾರ್ಥಿಗೆ ಇಟ್ಟಿಗೆ ಹೊರುವುದಕ್ಕಿಂತ ಹೆಚ್ಚಿನದು ಗೊತ್ತಿರುತ್ತದೆ. ಭೂಕಂಪಕ್ಕೆ ಬಗ್ಗದ ಅಡಿಪಾಯ, ಮಳೆನೀರಿನ ಕೊಯ್ಲು, ಶೌಚಾಲಯದ ನೀರು ಬಾವಿಗೆ ಸೇರದ ವಿನ್ಯಾಸ ಇವುಗಳಲ್ಲಿ ಅವನ ವಿದ್ಯೆ ಸಲ್ಲುತ್ತದೆ. ಅವನು ಮೊದಲು ಕಲಿಯಲು ಹೋಗಲಿ. ಕಲಿತದ್ದಕ್ಕೆ ಗುರುದಕ್ಷಿಣೆಯೆಂದು ದುಡಿಯಲಿ. ಪ್ರಯಾಣದ ಖರ್ಚನ್ನು ದಾನದ ಖಾತೆಗೆ ಬರೆಯದೆ ತನ್ನ ವಿದ್ಯಾಭ್ಯಾಸದ ಖಾತೆಗೆ ಬರೆದುಕೊಳ್ಳಲಿ. ಲೆಕ್ಕ ಆಗ ಶುದ್ಧವಾಗುತ್ತದೆ.

ಧರ್ಮಸಂಸ್ಥೆಗಳ ಮುಂದಿನ ದಾರಿ

ಮೇಲಿನ ಚರಿತ್ರೆಯಿಂದ ಬಸದಿಗಳ ಆಡಳಿತ ಮಂಡಳಿಗಳೂ ದತ್ತಿಸಂಸ್ಥೆಗಳೂ ಕೆಲವು ನಿಯಮಗಳನ್ನು ರೂಢಿಸಿಕೊಳ್ಳಬಹುದು. ಅನಾಥ ಮಕ್ಕಳ ವಸತಿಗೆಂದು ನೆರವು ಕೋರಿದಾಗ ಮೊದಲನೆಯದಾಗಿ, ಆ ಮಕ್ಕಳಿಗೆ ತಾಯಿಯೋ ಅಜ್ಜಿಯೋ ಸೋದರಮಾವನೋ ಇದ್ದಾರೆಯೇ ಎಂದು ವಿಚಾರಿಸಬೇಕು. ಇದ್ದರೆ, ಆ ಮನೆಗೇ ನೆರವು ಮುಟ್ಟಿಸಿ ಮಗು ಅಲ್ಲಿಯೇ ಬೆಳೆಯುವಂತೆ ಮಾಡುವುದು ಎಷ್ಟೋ ಕಡಮೆ ವೆಚ್ಚದ, ಎಷ್ಟೋ ಹೆಚ್ಚಿನ ಪುಣ್ಯದ ಕೆಲಸ. ಎರಡನೆಯದಾಗಿ, ಯಾರೂ ಇಲ್ಲದ ಮಗುವಿಗೆ ಮನೆ ಕಟ್ಟಲೇಬೇಕಾದಾಗ ನೋಂದಣಿಯಾದ ಸಂಸ್ಥೆಯೇ, ಮಗುವಿನ ಭಾಷೆ ಆಚಾರಗಳನ್ನು ಬಲ್ಲವರು ನಡೆಸುತ್ತಿದ್ದಾರೆಯೇ ಎಂದು ನೋಡಬೇಕು. ಮೂರನೆಯದಾಗಿ, ಕಟ್ಟಡಕ್ಕೆ ಕೊಡುವ ಪ್ರತಿ ಮೊತ್ತದ ಜೊತೆಗೆ ಪಾಲನೆಯ ನಿಧಿಯೊಂದನ್ನು ಕಡ್ಡಾಯವಾಗಿ ಇಡಬೇಕು. ಬಡ್ಡಿಯಿಂದ ಖಂಡಸ್ಫುಟಿತ ಜೀರ್ಣೋದ್ಧಾರ ನಡೆಯಬೇಕು. ನಾಲ್ಕನೆಯದಾಗಿ, ವಿದ್ಯಾರ್ಥಿಗಳನ್ನು ಕಳುಹಿಸುವುದಾದರೆ ವರ್ಷ ವರ್ಷವೂ ಅದೇ ಸ್ಥಳಕ್ಕೆ ಕಳುಹಿಸಬೇಕು. ಹಿಂದಿನ ವರ್ಷ ಕಟ್ಟಿದ ಗೋಡೆ ಬಿರಿದಿದೆಯೇ ಎಂದು ನೋಡುವುದೇ ಈ ವರ್ಷದ ಮೊದಲ ಕೆಲಸವಾಗಬೇಕು.

ಪ್ರವೇಶದ್ವಾರದ ಅಮೃತಶಿಲೆಯ ಫಲಕಕ್ಕೆ ದಾನಿಗಳು ಸುಲಭವಾಗಿ ದೊರೆಯುತ್ತಾರೆ. ಹತ್ತನೆಯ ವರ್ಷದ ಹೆಂಚು ರಿಪೇರಿಗೆ, ಜ್ವರ ಬಂದ ಮಗುವಿನ ಬಳಿ ರಾತ್ರಿಯೆಲ್ಲ ಕೂರುವ ಹೆಣ್ಣುಮಗಳ ಸಂಬಳಕ್ಕೆ ದಾನಿಗಳು ದೊರೆಯುವುದು ಕಷ್ಟ. ಏಕೆಂದರೆ ಅಲ್ಲಿ ಹೆಸರು ಕೆತ್ತಲು ಕಲ್ಲಿಲ್ಲ. ಹೆಸರಿನ ಆಸೆಯೂ ಪರಿಗ್ರಹವೇ ಎಂಬುದನ್ನು ಬಲ್ಲ ಸಮಾಜ ಈ ಎರಡನೆಯ ದಾನಕ್ಕೆ ಮುಂದಾಗಬೇಕು. ಹಾಗೆ ಮುಂದಾದರೆ ಮಗುವೊಂದು ರಾತ್ರಿ ಎಚ್ಚರಗೊಂಡು ಕರೆದಾಗ ಓಗೊಡುವವರು ಒಬ್ಬರಿರುತ್ತಾರೆ. ಅಂಥ ಮನೆಗೆ ಮಾತ್ರ ವಸತಿಯೆಂಬ ಹೆಸರು ಒಪ್ಪುತ್ತದೆ.